ಹಳೆ ಟ್ರೇಲರ್ ಕೊಳ್ಳುವ ಮುಂಚೆ



ನಾವು ಸಂತೆಗೆ ಹೋಗುತ್ತೇವೆ. ಎಮ್ಮೆ ಕೊಳ್ಳುವಾಗ ಏನು ಮಾಡುತ್ತೇವೆ? ಹಲ್ಲು ನೋಡುತ್ತೇವೆ. ಕೆಚ್ಚಲು ಮುಟ್ಟಿ ನೋಡುತ್ತೇವೆ. ನಾಲ್ಕು ಹೆಜ್ಜೆ ನಡೆಸಿ ನೋಡುತ್ತೇವೆ. ಮಡಕೆ ಕೊಳ್ಳುವಾಗ ಏನು ಮಾಡುತ್ತೇವೆ? ಬೆರಳಿನಿಂದ ಬಡಿದು ಸದ್ದು ಕೇಳುತ್ತೇವೆ. ಬಿರುಕು ಬಿಟ್ಟ ಮಡಕೆಯ ಸದ್ದು ಬೇರೆ. ಗಟ್ಟಿ ಮಡಕೆಯ ಸದ್ದು ಬೇರೆ. ಇದನ್ನು ನಮಗೆ ಯಾರೂ ಶಾಲೆಯಲ್ಲಿ ಕಲಿಸಲಿಲ್ಲ. ಅವ್ವ, ಅಜ್ಜಿ ಮಾಡಿದ್ದನ್ನು ನೋಡಿ ಕಲಿತೆವು.

ಹಳೆ ಟ್ರೇಲರ್ ಕೊಳ್ಳುವುದೂ ಹೀಗೆಯೇ. ನೋಡಬೇಕು, ಮುಟ್ಟಬೇಕು, ಬಡಿಯಬೇಕು, ಎಳೆಸಿ ನೋಡಬೇಕು. ಆದರೆ ಎಮ್ಮೆಗೆ ಇಲ್ಲದ್ದು ಒಂದು ಟ್ರೇಲರಿಗೆ ಇದೆ. ಅದು ಕಾಗದ. ಹಾಗಾಗಿ ಟ್ರೇಲರನ್ನು ಓದಲೂ ಬೇಕು.

ಟ್ರ್ಯಾಕ್ಟರಿನ ಹಿಂದೆ ಕಟ್ಟುವ ಗಾಡಿಯೇ ಟ್ರೇಲರ್. ಕೆಲವರು ಟ್ರಾಲಿ ಅನ್ನುತ್ತಾರೆ. ಕೆಲವರು ಡಬ್ಬಿ ಅನ್ನುತ್ತಾರೆ. ಎರಡು ಗಾಲಿಯದು ಇರುತ್ತದೆ. ನಾಲ್ಕು ಗಾಲಿಯದೂ ಇರುತ್ತದೆ. ಗೊಬ್ಬರ, ಮೇವು, ಗೋವಿನಜೋಳ, ಇಟ್ಟಿಗೆ, ಮರಳು ಎಲ್ಲವನ್ನೂ ಹೊರುತ್ತದೆ.

ನಮ್ಮ ಕಲಿಕಾ ಕೇಂದ್ರದ ಒಬ್ಬ ಅಕ್ಕ ಹಳೆ ಟ್ರೇಲರ್ ಕೊಂಡರು. ಅವರ ಜೊತೆ ನಾವೆಲ್ಲ ಹೋಗಿದ್ದೆವು. ಅಲ್ಲಿ ನಾವು ಕಲಿತದ್ದನ್ನು ಈ ಪಾಠದಲ್ಲಿ ಬರೆದಿದ್ದೇವೆ.

ನಮ್ಮ ಸಂಘದ ಹಣ

ನಮ್ಮದು ಹಾವೇರಿ ಜಿಲ್ಲೆಯ ಒಂದು ಹಳ್ಳಿ. ನಮ್ಮ ಸಂಘದಲ್ಲಿ 14 ಮಂದಿ ಇದ್ದೇವೆ. ಪ್ರತಿ ವಾರ ಒಬ್ಬೊಬ್ಬರು 50 ರೂಪಾಯಿ ಉಳಿಸುತ್ತೇವೆ. ಹೀಗೆ ಮೂರು ವರ್ಷ ಉಳಿಸಿದೆವು. ಕೂಲಿ ಮಾಡಿದ ಹಣ, ಹಾಲು ಮಾರಿದ ಹಣ, ರೊಟ್ಟಿ ಮಾರಿದ ಹಣ ಅದರಲ್ಲಿ ಸೇರಿದೆ.

ನಮ್ಮಲ್ಲಿ ಒಬ್ಬ ಅಕ್ಕನ ಮನೆಯಲ್ಲಿ ಟ್ರ್ಯಾಕ್ಟರ್ ಇದೆ. ಟ್ರೇಲರ್ ಇರಲಿಲ್ಲ. ಪ್ರತಿ ಸುಗ್ಗಿಗೂ ಬಾಡಿಗೆ ಕೊಟ್ಟು ಟ್ರೇಲರ್ ತರುತ್ತಿದ್ದರು. ಗೋವಿನಜೋಳ ಕಣದಲ್ಲಿ ಕಾಯುತ್ತಿತ್ತು. ಬಾಡಿಗೆ ಟ್ರೇಲರ್ ಇನ್ನೊಬ್ಬರ ಹೊಲದಲ್ಲಿ ಇರುತ್ತಿತ್ತು. ಅಷ್ಟರಲ್ಲಿ ಮಳೆ ಬಂದರೆ ಮಾಲು ಹಾಳು.

ಅಕ್ಕ ಸಂಘದಲ್ಲಿ ಸಾಲ ಕೇಳಿದರು. ನಾವು 1,00,000 ರೂಪಾಯಿ ಕೊಡಲು ಠರಾವು ಮಾಡಿದೆವು. ಅದು ಹೆಚ್ಚು ಕಡಿಮೆ ನಮ್ಮ ಪೂರ್ತಿ ಉಳಿತಾಯ. ಹಣ ಮುಳುಗಿದರೆ 14 ಮನೆಯ ಹಣ ಮುಳುಗುತ್ತದೆ.

ನಮಗೆ ಭಯ ಇತ್ತು. ಭಯಕ್ಕೆ ಕಾರಣವೂ ಇತ್ತು. ನಮ್ಮ ಊರಿನ ಒಂದು ಮನೆಯವರು ಹಿಂದೆ ಒಂದು ಟ್ರೇಲರ್ ಕೊಂಡಿದ್ದರು. ಬಿಳಿ ಹಾಳೆಯ ಮೇಲೆ ಬರೆಸಿಕೊಂಡು ಹಣ ಕೊಟ್ಟಿದ್ದರು. ಆ ಟ್ರೇಲರಿನ ಮೇಲೆ ಸಾಲ ಇತ್ತು. ಮಾರಿದವರು ಅದನ್ನು ಹೇಳಲಿಲ್ಲ. ಕೊಂಡವರು ಆರ್‌ಸಿ ಓದಲಿಲ್ಲ. ಒಂದು ದಿನ ಸಾಲ ಕೊಟ್ಟವರು ಬಂದು ಟ್ರೇಲರ್ ಎಳೆದುಕೊಂಡು ಹೋದರು. ಹಣವೂ ಹೋಯಿತು, ಟ್ರೇಲರೂ ಹೋಯಿತು. ಆ ಮನೆಯ ತಾಯಿ ಈಗ ನಮ್ಮ ಕೇಂದ್ರದಲ್ಲಿ ಓದು ಕಲಿಯುತ್ತಿದ್ದಾರೆ.

ಮೊದಲು ಕಾಗದ, ಆಮೇಲೆ ಹಣ

ಮೊದಲನೇ ಟ್ರೇಲರ್ ನೋಡಲು ಪಕ್ಕದ ಊರಿಗೆ ಹೋದೆವು. ನೀಲಿ ಬಣ್ಣ ಹೊಸದಾಗಿ ಹೊಡೆದಿದ್ದರು. ಫಳಫಳ ಹೊಳೆಯುತ್ತಿತ್ತು. ಹಿಂಬಾಗಿಲ ಮೇಲೆ ಹೂವಿನ ಚಿತ್ರ ಬೇರೆ.

ಮಾರುವವರು ಹೇಳಿದರು: "ನೋಡ್ರೀ ಅಕ್ಕಾರ, ಸಂಜಿಗೆ ಇನ್ನೊಬ್ರು ಬರ್ತಾರ. ಬೇಕಂದ್ರ ಈಗ ಹತ್ತು ಸಾವಿರ ಮುಂಗಡ ಇಟ್ಟು ಹೋಗ್ರಿ."

ನಮ್ಮ ಅಕ್ಕ ಕೇಳಿದರು: "ಕಾಗದ ಎಲ್ಲಿ ಅದಾವ್ರೀ ಅಣ್ಣಾ?"

"ಕಾಗದ ಮನ್ಯಾಗ ಅದಾವು. ಆಮ್ಯಾಲ ಕೊಡ್ತೀನಿ. ಎಲ್ಲಿಗೆ ಓಡಿ ಹೋಗ್ತಾವು?"

ಅಕ್ಕ ಅಂದರು: "ರೊಕ್ಕನೂ ಎಲ್ಲಿಗೂ ಓಡಿ ಹೋಗೂದಿಲ್ಲ. ಮೊದಲ ಕಾಗದ, ಆಮ್ಯಾಲ ರೊಕ್ಕ."

ಅವರು ಮನೆಗೆ ಹೋಗಿ ಆರ್‌ಸಿ ತಂದರು. ಆರ್‌ಸಿ ಅಂದರೆ ಗಾಡಿಯ ನೋಂದಣಿ ಪತ್ರ. ಹೊಲಕ್ಕೆ ಪಹಣಿ ಇದ್ದಂತೆ ಗಾಡಿಗೆ ಆರ್‌ಸಿ. ಟ್ರ್ಯಾಕ್ಟರಿಗೆ ಒಂದು ಆರ್‌ಸಿ. ಟ್ರೇಲರಿಗೆ ಬೇರೆಯೇ ಆರ್‌ಸಿ, ಬೇರೆಯೇ ನಂಬರು. ಟ್ರ್ಯಾಕ್ಟರಿನ ಆರ್‌ಸಿ ತೋರಿಸಿ "ಇದರಾಗ ಎಲ್ಲಾ ಐತಿ" ಎಂದರೆ ನಂಬಬಾರದು.

ಆರ್‌ಸಿಯಲ್ಲಿ ಐದು ಸಂಗತಿ ನೋಡಬೇಕು.

1. ಗಾಡಿಯ ನಂಬರು. ಟ್ರೇಲರಿನ ಹಿಂದೆ ಬರೆದ ನಂಬರಿಗೆ ಅದು ಸರಿಹೊಂದಬೇಕು. ಹಾವೇರಿ ಕಚೇರಿಯ ಗಾಡಿಗಳ ನಂಬರು ಕೆಎ 27 ಎಂದು ಶುರುವಾಗುತ್ತದೆ.

2. ಮಾಲೀಕರ ಹೆಸರು. ಮಾರುವವರ ಹೆಸರು ಅದೇ ಇರಬೇಕು. ಬೇರೆ ಹೆಸರಿದ್ದರೆ ಆ ಹೆಸರಿನವರೇ ಬಂದು ಸಹಿ ಮಾಡಬೇಕು.

3. ಚಾಸಿ ನಂಬರು. ಗಾಡಿಯ ಅಡಿಪಾಯದ ಕಬ್ಬಿಣಕ್ಕೆ ಚಾಸಿ ಎನ್ನುತ್ತಾರೆ. ಅದರ ಮೇಲೆ ಒಂದು ನಂಬರು ಕೊರೆದಿರುತ್ತಾರೆ.

4. ಸಾಲ. ಸಾಲದ ಮೇಲೆ ಕೊಂಡ ಗಾಡಿಯಾದರೆ ಆರ್‌ಸಿಯಲ್ಲಿ ಬ್ಯಾಂಕಿನ ಅಥವಾ ಫೈನಾನ್ಸಿನ ಹೆಸರು ಇರುತ್ತದೆ. ಆ ಹೆಸರು ಇರುವ ತನಕ ಗಾಡಿಯ ಮೇಲೆ ಅವರ ಹಕ್ಕು ಇದೆ. "ಸಾಲ ತೀರೈತಿ" ಎಂಬ ಬಾಯಿಮಾತು ಸಾಲದು. ಬ್ಯಾಂಕಿನವರ ಪತ್ರ ಬೇಕು. ಜೊತೆಗೆ ಫಾರಂ 35ರಲ್ಲಿ ಬ್ಯಾಂಕಿನವರ ಸಹಿ ಬೇಕು. ಆಗ ಆರ್‌ಟಿಒ ಕಚೇರಿಯವರು ಸಾಲದ ಹೆಸರು ತೆಗೆಯುತ್ತಾರೆ.

5. ಯಾವ ಬಳಕೆಯ ಗಾಡಿ. ಸ್ವಂತ ಬೇಸಾಯಕ್ಕೋ ಬಾಡಿಗೆಗೋ ಎಂಬುದನ್ನು ನೋಡಿ. ಬಾಡಿಗೆಗೆ ಓಡಿಸುವ ಯೋಚನೆ ಇದ್ದರೆ ಮೊದಲೇ ಆರ್‌ಟಿಒ ಕಚೇರಿಯಲ್ಲಿ ಕೇಳಿ. ಬಳಕೆ ಬದಲಾದರೆ ತೆರಿಗೆ, ವಿಮೆಯ ನಿಯಮವೂ ಬದಲಾಗುತ್ತದೆ.

ಆರ್‌ಸಿಯ ಅಕ್ಷರಗಳು ಇಂಗ್ಲಿಷಿನವು. ನಮಗೆ ಇಂಗ್ಲಿಷ್ ಬಾರದು ಎಂದು ಹಿಂದೆ ಸರಿಯಬೇಡಿ. ಅಂಕಿಗಳು ನಮಗೆ ಗೊತ್ತು. ಅಕ್ಷರಗಳನ್ನು ಆಕಾರ ನೋಡಿ ಹೋಲಿಸಬಹುದು. ರಂಗೋಲಿಯ ಚುಕ್ಕಿ ಹೋಲಿಸುವವರಿಗೆ ಇದು ಕಷ್ಟವಲ್ಲ.

ಪೆನ್ಸಿಲ್ ಅಚ್ಚು

ಚಾಸಿ ನಂಬರು ಹುಡುಕಿದೆವು. ಅದು ಮುಂಭಾಗದ ಕಬ್ಬಿಣದ ಮೇಲೆ ಇತ್ತು. ಹೊಸ ಬಣ್ಣದ ಕೆಳಗೆ ಮುಚ್ಚಿಹೋಗಿತ್ತು. ಒದ್ದೆ ಬಟ್ಟೆಯಿಂದ ಒರೆಸಿದೆವು. ಆದರೂ ಸರಿಯಾಗಿ ಕಾಣಲಿಲ್ಲ.

ಆಗ ಒಂದು ಉಪಾಯ ಮಾಡಿದೆವು. ಮಕ್ಕಳು ನಾಣ್ಯದ ಮೇಲೆ ಕಾಗದ ಇಟ್ಟು ಪೆನ್ಸಿಲಿನಿಂದ ತಿಕ್ಕುತ್ತಾರೆ. ನಾಣ್ಯದ ಚಿತ್ರ ಕಾಗದದ ಮೇಲೆ ಮೂಡುತ್ತದೆ. ಹಾಗೆಯೇ ನಂಬರಿನ ಮೇಲೆ ತೆಳು ಕಾಗದ ಇಟ್ಟೆವು. ಪೆನ್ಸಿಲಿನ ಮೊನೆಯನ್ನು ಓರೆ ಹಿಡಿದು ತಿಕ್ಕಿದೆವು. ಅಂಕಿಗಳು ಒಂದೊಂದಾಗಿ ಮೂಡಿದವು.

ಅಕ್ಕ ಆರ್‌ಸಿಯನ್ನು ಎಡಗೈಯಲ್ಲಿ ಹಿಡಿದರು. ಅಚ್ಚಿನ ಕಾಗದವನ್ನು ಬಲಗೈಯಲ್ಲಿ ಹಿಡಿದರು. ಒಂದೊಂದೇ ಅಂಕಿಯ ಮೇಲೆ ಬೆರಳಿಟ್ಟು ಓದಿದರು.

"ಅಕ್ಕೋರ, ಆರ್‌ಸಿಯೊಳಗ 4 1 8 7 3 ಐತಿ. ಇಲ್ಲಿ 4 1 3 7 8 ಮೂಡೈತಿ."

ನಾವು ನೋಡಿದೆವು. ಇನ್ನೊಬ್ಬರು ನೋಡಿದರು. ಅಕ್ಕ ಓದಿದ್ದು ಸರಿಯಾಗಿತ್ತು. ಎರಡು ಅಂಕಿ ಅದಲು ಬದಲಾಗಿದ್ದವು.

ಮಾರುವವರು ನಕ್ಕರು. "ಒಂದೆರಡು ಅಂಕಿ ಹಿಂದ ಮುಂದ ಆದ್ರ ಏನಾತು?" ಎಂದರು.

ಏನಾಗುತ್ತದೆ? ಬರೆಯುವಾಗ ತಪ್ಪಾಗಿರಬಹುದು. ಬೇರೆ ಗಾಡಿಯ ಕಾಗದವೂ ಆಗಿರಬಹುದು. ಅದನ್ನು ತೀರ್ಮಾನಿಸುವುದು ನಮ್ಮ ಕೆಲಸವಲ್ಲ. ಈಗಿನ ಮಾಲೀಕರೇ ಆರ್‌ಟಿಒ ಕಚೇರಿಯಲ್ಲಿ ಸರಿಪಡಿಸಿಕೊಳ್ಳಬೇಕು. ಅಲ್ಲಿಯವರೆಗೆ ಅದನ್ನು ಕೊಳ್ಳಬಾರದು. ನಂಬರು ಹೊಂದದಿದ್ದರೆ ನಮ್ಮ ಹೆಸರಿಗೆ ಮಾಡಿಸಲು ಆಗುವುದಿಲ್ಲ. ನಾಳೆ ಅಪಘಾತವಾದರೆ ವಿಮೆಯವರೂ ತಕರಾರು ತೆಗೆಯುತ್ತಾರೆ.

ನಾವು ಮುಂಗಡ ಕೊಡದೆ ಮರಳಿ ಬಂದೆವು. ಬಸ್ಸಿನಲ್ಲಿ ಯಾರೂ ಬಹಳ ಮಾತಾಡಲಿಲ್ಲ. ಹತ್ತು ಸಾವಿರ ರೂಪಾಯಿ ಅಕ್ಕನ ಸೆರಗಿನ ಗಂಟಿನಲ್ಲೇ ಉಳಿದಿತ್ತು.

ಇನ್ನೂ ಒಂದು ಮಾತು. ಆರ್‌ಸಿಯೇ ಇಲ್ಲದ ಟ್ರೇಲರ್‌ಗಳನ್ನೂ ಮಾರುತ್ತಾರೆ. ಬೆಲೆ ಕಡಿಮೆ ಹೇಳುತ್ತಾರೆ. ಆರ್‌ಸಿ ಇಲ್ಲದೆ ವಿಮೆ ಇಲ್ಲ. ವಿಮೆ ಇಲ್ಲದ ಗಾಡಿ ಯಾರಿಗಾದರೂ ಬಡಿದರೆ ಪರಿಹಾರವನ್ನು ನಮ್ಮ ಹೊಲ ಮನೆ ಮಾರಿ ಕೊಡಬೇಕಾಗುತ್ತದೆ. ಅಗ್ಗದ ಗಾಡಿ ಆಗ ದುಬಾರಿ.

ಮೊಬೈಲ್ ಇದ್ದವರು ಸರಕಾರದ ಎಂಪರಿವಾಹನ್ ಆ್ಯಪ್‌ನಲ್ಲಿ ಗಾಡಿಯ ನಂಬರು ಹಾಕಿ ನೋಡಬಹುದು. ವಿಮೆ ಯಾವಾಗ ಮುಗಿಯುತ್ತದೆ ಎಂಬುದೂ ಅಲ್ಲಿ ತಿಳಿಯುತ್ತದೆ. ವಿವರ ಬಾರದಿದ್ದರೆ ಆರ್‌ಟಿಒ ಕಚೇರಿಗೆ ಹೋಗಿ ಕೇಳಬೇಕು.

ಈಗ ಗಾಡಿ ನೋಡೋಣ

ಎರಡು ವಾರದ ನಂತರ ಇನ್ನೊಂದು ಟ್ರೇಲರಿನ ಸುದ್ದಿ ಬಂತು. ಎರಡು ಗಾಲಿಯದು. ಒಬ್ಬ ವಯಸ್ಸಾದ ರೈತರು ಮಾರುತ್ತಿದ್ದರು. ಬಣ್ಣ ಹೋಗಿತ್ತು. ಅಲ್ಲಲ್ಲಿ ತುಕ್ಕು ಕಾಣುತ್ತಿತ್ತು. ಆದರೆ ಕಾಗದ ಎಲ್ಲ ಸರಿ ಇತ್ತು. ಹೆಸರು ಸರಿ. ನಂಬರು ಸರಿ. ಸಾಲ ಇಲ್ಲ. ಪೆನ್ಸಿಲ್ ಅಚ್ಚು ಆರ್‌ಸಿಗೆ ಹೊಂದಿತು.

ಈ ಸಲ ವೆಲ್ಡಿಂಗ್ ಅಂಗಡಿಯ ಕಾಕಾನನ್ನು ಜೊತೆಗೆ ಕರೆದುಕೊಂಡು ಹೋದೆವು. ಕಾಕಾ ಹೇಳಿದರು: "ಹಗಲಿನ್ಯಾಗ ನೋಡಬೇಕವ್ವ. ಖಾಲಿ ಇದ್ದಾಗ ನೋಡಬೇಕು. ತೊಳಿಸಿ ನೋಡಬೇಕು. ಕೆಸರು, ಬಣ್ಣ, ಕತ್ತಲಿ ಮೂರೂ ತಪ್ಪು ಮುಚ್ಚತಾವು."

ಅವರು ತೋರಿಸಿದ್ದು ಇವು.

ಕೊಂಡಿ ಮತ್ತು ಡ್ರಾಬಾರ್: ಟ್ರ್ಯಾಕ್ಟರಿಗೆ ಸೇರುವ ಉದ್ದ ಕಬ್ಬಿಣವೇ ಡ್ರಾಬಾರ್. ಅದರ ತುದಿಯ ಬಳೆಯೇ ಕೊಂಡಿ. ಇಡೀ ಭಾರವನ್ನು ಎಳೆಯುವುದು ಈ ಕೊಂಡಿ. ಇದು ಮುರಿದರೆ ಟ್ರೇಲರ್ ದಾರಿಯಲ್ಲೇ ಕಳಚುತ್ತದೆ. ಹಿಂದೆ ಬರುವವರ ಜೀವಕ್ಕೆ ಅಪಾಯ. ಕೊಂಡಿಯ ಒಳಗೆ ಬೆರಳು ಆಡಿಸಿ ನೋಡಿ. ಒಂದು ಕಡೆ ಸವೆದು ತೆಳ್ಳಗಾಗಿದೆಯೇ? ದುಂಡಗಿನ ತೂತು ಮೊಟ್ಟೆಯ ಆಕಾರ ಆಗಿದೆಯೇ? ಹಾಗಿದ್ದರೆ ಬದಲಾಯಿಸಲೇಬೇಕು. ಪಿನ್ನು ಮೇಲೆ ಹಾರದಂತೆ ತಡೆಯುವ ಕ್ಲಿಪ್ ಇರಬೇಕು. ಕಾವಲಿಗೆ ಒಂದು ಸರಪಳಿಯೂ ಇದ್ದರೆ ಒಳ್ಳೆಯದು.

ಚಾಸಿ: ಹಿಂದೆ ದೂರ ನಿಂತು ನೋಡಿ. ಒಂದು ಕಡೆ ವಾಲಿದೆಯೇ? ನಂತರ ಬಗ್ಗಿ ಕೆಳಗೆ ನೋಡಿ. ಬೆಸುಗೆ ಹಾಕಿದ ಜಾಗಗಳನ್ನು ನೋಡಿ. ಕೂದಲೆಳೆಯಷ್ಟು ಸೀಳು, ಅದರ ಗುಂಟ ತುಕ್ಕಿನ ಗೆರೆ ಇದ್ದರೆ ಅದು ಬಿರುಕು. ಒಂದೇ ಜಾಗಕ್ಕೆ ಮೇಲಿಂದ ಮೇಲೆ ಬೆಸುಗೆ ಹಾಕಿದ್ದರೆ ಅದು ಹಿಂದೆ ಮುರಿದ ಜಾಗ. ಒಂದು ಕಡೆ ಮಾತ್ರ ಹೊಸ ಬಣ್ಣ ದಪ್ಪಗೆ ಹಚ್ಚಿದ್ದರೆ ಅಲ್ಲಿ ಏನು ಮುಚ್ಚಿದ್ದಾರೆ ಎಂದು ಕೇಳಿ. ಸಣ್ಣ ಸುತ್ತಿಗೆಯಿಂದ ಬಡಿದು ನೋಡಿ. ಗಟ್ಟಿ ಕಬ್ಬಿಣ ಠಣ್ ಎನ್ನುತ್ತದೆ. ತುಕ್ಕು ತಿಂದ ಕಬ್ಬಿಣ ಡಬ್ ಎನ್ನುತ್ತದೆ. ಮಡಕೆಯ ಪಾಠವೇ ಇದು.

ಅಚ್ಚು: ಎರಡು ಗಾಲಿಯನ್ನು ಸೇರಿಸುವ ಅಡ್ಡ ಕಬ್ಬಿಣ ಅಚ್ಚು. ಇದು ನೇರ ಇದೆಯೇ ಎಂದು ನೋಡಲು ಒಂದು ಹಗ್ಗ ಸಾಕು. ಎಳೆದರೆ ಹಿಗ್ಗದ ಹಗ್ಗ ತೆಗೆದುಕೊಳ್ಳಿ. ಒಂದು ತುದಿಯನ್ನು ಕೊಂಡಿಯ ನಡುವೆ ಹಿಡಿಯಿರಿ. ಇನ್ನೊಂದನ್ನು ಎಡ ಗಾಲಿಯ ಅಚ್ಚಿನ ತುದಿಗೆ ಎಳೆಯಿರಿ. ಗಂಟು ಹಾಕಿ. ಈಗ ಅದೇ ಹಗ್ಗವನ್ನು ಬಲ ಗಾಲಿಯ ಕಡೆಗೆ ಎಳೆಯಿರಿ. ಗಂಟು ಅಲ್ಲಿಯೂ ಸರಿಯಾಗಿ ಕೂತರೆ ಅಚ್ಚು ನೇರ. ಒಂದು ಕಡೆ ಹೆಚ್ಚು, ಒಂದು ಕಡೆ ಕಡಿಮೆ ಆದರೆ ಅಚ್ಚು ಸರಿದಿದೆ ಅಥವಾ ಡ್ರಾಬಾರ್ ಬಾಗಿದೆ. ಅಂಥ ಟ್ರೇಲರ್ ಅಡ್ಡಡ್ಡ ಎಳೆಯುತ್ತದೆ. ಟೈರನ್ನು ತಿನ್ನುತ್ತದೆ.

ಕಮಾನು ಪಟ್ಟಿ: ಅಚ್ಚಿನ ಮೇಲೆ ಒಂದರ ಮೇಲೊಂದು ಬಾಗಿದ ಪಟ್ಟಿಗಳು ಇರುತ್ತವೆ. ಎರಡೂ ಕಡೆ ಎಣಿಸಿ. ಎಡಕ್ಕೆ ಎಷ್ಟೋ ಬಲಕ್ಕೂ ಅಷ್ಟೇ ಇರಬೇಕು. ಮುರಿದ ಪಟ್ಟಿ ಇದೆಯೇ ನೋಡಿ. ಪಟ್ಟಿಗಳನ್ನು ಬಿಗಿದ ಬೋಲ್ಟು ಸಡಿಲ ಇರಬಾರದು. ಕೆಲವು ಟ್ರೇಲರಿಗೆ ಕಮಾನು ಪಟ್ಟಿಯೇ ಇರುವುದಿಲ್ಲ. ಆಗ ಅಚ್ಚನ್ನು ಚಾಸಿಗೆ ಸೇರಿಸಿದ ಬೆಸುಗೆಯನ್ನು ಚೆನ್ನಾಗಿ ನೋಡಿ.

ಗಾಲಿ ಮತ್ತು ಬೇರಿಂಗು: ಒಂದು ಗಾಲಿಯ ಮುಂದೆ ಹಿಂದೆ ಕಲ್ಲು ಕೊಡಿ. ಇನ್ನೊಂದು ಗಾಲಿಯನ್ನು ಜಾಕಿನಿಂದ ಎತ್ತಿಸಿ. ಇದನ್ನು ತಿಳಿದವರೇ ಮಾಡಲಿ. ಎತ್ತಿದ ಗಾಲಿಯ ಮೇಲೆ ಒಂದು ಕೈ, ಕೆಳಗೆ ಒಂದು ಕೈ ಇಟ್ಟು ಅಲ್ಲಾಡಿಸಿ. ಲಟಲಟ ಎಂದರೆ ಬೇರಿಂಗು ಸಡಿಲವಾಗಿದೆ ಅಥವಾ ಸವೆದಿದೆ. ಗಾಲಿಯನ್ನು ತಿರುಗಿಸಿ. ಕರಕರ ಸದ್ದು ಬಂದರೂ ಅದೇ ಕಾರಣ. ಗಾಲಿಯ ನಟ್ಟುಗಳನ್ನು ಎಣಿಸಿ. ಒಂದೂ ಕಡಿಮೆ ಇರಬಾರದು. ನಟ್ಟಿನ ಸುತ್ತ ತುಕ್ಕಿನ ಗೆರೆ ಇಳಿದಿದ್ದರೆ ಅದು ಸಡಿಲವಾಗಿ ಓಡಿದೆ.

ಟೈರು: ಟೈರಿನ ಬದಿಯಲ್ಲಿ ಅಂಕಿಗಳಿವೆ. ಓದಿ. 9.00-16 ಎಂದರೆ ಅಳತೆ. ಎರಡೂ ಗಾಲಿಯಲ್ಲಿ ಒಂದೇ ಅಳತೆ ಇರಬೇಕು. ಕೊನೆಯಲ್ಲಿ ನಾಲ್ಕು ಅಂಕಿಯ ಸಣ್ಣ ಗುರುತು ಇದ್ದರೆ ಅದು ಟೈರು ತಯಾರಾದ ದಿನ. 2319 ಎಂದು ಇದ್ದರೆ 2019ರ 23ನೇ ವಾರ ತಯಾರಾಗಿದೆ ಎಂದರ್ಥ. ನಮ್ಮ ಮಕ್ಕಳಿಗೆ ವಯಸ್ಸು ಇದ್ದಂತೆ ಟೈರಿಗೂ ವಯಸ್ಸು ಇದೆ. ಹಳೆ ಟೈರಿಗೆ ಬದಿಯಲ್ಲಿ ಸೀಳು ಬಿಡುತ್ತದೆ. ಒಂದೇ ಅಂಚು ಸವೆದಿದ್ದರೆ ಅಚ್ಚು ನೇರ ಇಲ್ಲ.

ತಳದ ತಗಡು: ಮೂಲೆಗಳನ್ನು ನೋಡಿ. ಗೊಬ್ಬರ ಉಳಿದ ಕಡೆ ತುಕ್ಕು ಬೇಗ ತಿನ್ನುತ್ತದೆ. ಸ್ಕ್ರೂ ಡ್ರೈವರಿನ ತುದಿಯಿಂದ ಒತ್ತಿ. ಒಳಗೆ ಇಳಿದರೆ ತಗಡು ಹೋಗಿದೆ. ತಗಡು ಬದಲಿಸಬಹುದು. ಆದರೆ ಖರ್ಚು ಇದೆ. ಹಿಂಬಾಗಿಲಿನ ಕೀಲು, ಚಿಲಕ ಸರಿ ಇವೆಯೇ ನೋಡಿ.

ಎತ್ತುವ ಜಾಕು: ಕೆಲವು ಟ್ರೇಲರ್ ಹಿಂದಕ್ಕೆ ಬಗ್ಗಿ ಮಾಲು ಸುರಿಯುತ್ತವೆ. ಟ್ರ್ಯಾಕ್ಟರಿಗೆ ಕಟ್ಟಿ ಪೂರ್ತಿ ಎತ್ತಿಸಿ. ಹತ್ತು ನಿಮಿಷ ಹಾಗೆಯೇ ಬಿಡಿ. ತಾನಾಗಿ ಕೆಳಗೆ ಇಳಿದರೆ ಜಾಕು ಸೋರುತ್ತಿದೆ. ಎಣ್ಣೆಯ ಹನಿ, ಪೈಪಿನ ಸೀಳು ನೋಡಿ. ಎಚ್ಚರ! ಎತ್ತಿದ ಟ್ರೇಲರಿನ ಕೆಳಗೆ ಯಾರೂ ತಲೆ ಹಾಕಬಾರದು. ಮಕ್ಕಳನ್ನು ಹತ್ತಿರ ಬಿಡಬಾರದು.

ಬ್ರೇಕು ಮತ್ತು ದೀಪ: ಎಷ್ಟೋ ಟ್ರೇಲರಿಗೆ ಬ್ರೇಕು ಇರುವುದಿಲ್ಲ. ಆಗ ಇಡೀ ಭಾರವನ್ನು ಟ್ರ್ಯಾಕ್ಟರಿನ ಬ್ರೇಕೇ ತಡೆಯಬೇಕು. ಬ್ರೇಕು ಇದೆಯೇ ಎಂದು ಕೇಳಿ. ಇದ್ದರೆ ಹಿಡಿಯುತ್ತದೆಯೇ ನೋಡಿ. ಹಿಂದೆ ಕೆಂಪು ದೀಪ ಬೇಕು. ಕೆಂಪು ರೇಡಿಯಂ ಪಟ್ಟಿ ಬೇಕು. ರಾತ್ರಿ ರಸ್ತೆಯಲ್ಲಿ ನಿಂತ ಟ್ರೇಲರ್ ಕಾಣದೆ ಎಷ್ಟೋ ಬೈಕ್ ಸವಾರರು ಸತ್ತಿದ್ದಾರೆ. ಅವರೂ ಒಬ್ಬ ತಾಯಿಯ ಮಕ್ಕಳು.

ಓಡಿಸಿ ನೋಡಿ: ಕೊನೆಗೆ ನಾಲ್ಕೈದು ಕಿಲೋಮೀಟರ್ ಎಳೆಸಿ. ಒಬ್ಬರು ಹಿಂದಿನಿಂದ ಬೈಕಿನಲ್ಲಿ ಬಂದು ನೋಡಲಿ. ಗಾಲಿ ಅತ್ತಿತ್ತ ಒಲೆಯುತ್ತದೆಯೇ? ನಿಲ್ಲಿಸಿದ ಮೇಲೆ ಗಾಲಿಯ ನಡುವಿನ ಹಬ್‌ನ ಹತ್ತಿರ ಕೈ ಒಯ್ಯಿರಿ. ಕೂಡಲೇ ಮುಟ್ಟಬೇಡಿ. ಒಂದು ಕಡೆಯದು ಬೆಚ್ಚಗೆ, ಇನ್ನೊಂದು ಕಡೆಯದು ಸುಡುತ್ತಿದ್ದರೆ ಸುಡುವ ಕಡೆಯ ಬೇರಿಂಗು ಸರಿ ಇಲ್ಲ.

ತಪ್ಪಿನ ಲೆಕ್ಕ

ಆ ಟ್ರೇಲರಿನಲ್ಲಿ ಮೂರು ತಪ್ಪು ಸಿಕ್ಕವು. ಒಂದು ಟೈರು ಸೀಳಿತ್ತು. ಎರಡೂ ಕಡೆಯ ಬೇರಿಂಗು ಸವೆದಿದ್ದವು. ತಳದ ಹಿಂದಿನ ಮೂಲೆ ತುಕ್ಕು ಹಿಡಿದಿತ್ತು. ಕೊಂಡಿ, ಚಾಸಿ, ಅಚ್ಚು ಗಟ್ಟಿ ಇದ್ದವು.

ಕಾಕಾ ಹೇಳಿದರು: "ಟೈರು, ಬೇರಿಂಗು, ತಗಡು ಇವು ಸೀರಿ ಇದ್ದಂಗ. ಹರಿದ್ರ ಬದಲ್ ಮಾಡಬಹುದು. ಚಾಸಿ, ಅಚ್ಚು ಬೆನ್ನೆಲುಬು ಇದ್ದಂಗ. ಅವು ಹೋಗಿದ್ರ ಕೈ ಮುಗದು ಬರಬೇಕು."

ನಾವು ಅಲ್ಲೇ ಜಗಲಿಯ ಮೇಲೆ ಕೂತು ಲೆಕ್ಕ ಬರೆದೆವು. ಟೈರಿನ ದರ ಮೊದಲೇ ಅಂಗಡಿಯಲ್ಲಿ ಕೇಳಿಕೊಂಡು ಬಂದಿದ್ದೆವು.

ಒಂದು ಟೈರು, ಟ್ಯೂಬು: 14,000
ಎರಡು ಕಡೆಯ ಬೇರಿಂಗು: 3,000
ತಗಡು, ವೆಲ್ಡಿಂಗು: 6,000
ಹೆಸರು ಬದಲಾವಣೆ, ವಿಮೆ: 5,000
ಒಟ್ಟು: 28,000 ರೂಪಾಯಿ

ಈ ದರ ಆ ದಿನ ನಮಗೆ ಸಿಕ್ಕಿದ್ದು. ನಿಮ್ಮ ಊರಿನ ದರವನ್ನು ನೀವೇ ಕೇಳಬೇಕು.

ಮಾರುವವರು ಹೇಳಿದ ಬೆಲೆ 85,000. ಅದಕ್ಕೆ 28,000 ಸೇರಿಸಿದರೆ 1,13,000 ಆಗುತ್ತದೆ. ನಮ್ಮ ಹತ್ತಿರ ಇದ್ದದ್ದು 1,00,000. ಅಕ್ಕ ಲೆಕ್ಕದ ಹಾಳೆಯನ್ನು ಆ ಅಜ್ಜನ ಮುಂದೆ ಇಟ್ಟರು.

"ಅಜ್ಜಾರ, ನಿಮ್ಮ ಗಾಡಿಗೆ ಹೆಸರಿಡಾಕ ಬಂದಿಲ್ರೀ ನಾವು. ಬೆನ್ನೆಲುಬು ಗಟ್ಟಿ ಐತಿ. ಆದ್ರ ಇಷ್ಟು ಖರ್ಚು ಮಾಡಲೇಬೇಕು. 72,000ಕ್ಕ ಕೊಡ್ರಿ."

ಅಜ್ಜ ಕನ್ನಡಕ ಹಾಕಿಕೊಂಡು ಹಾಳೆ ನೋಡಿದರು. ಒಂದೊಂದು ಸಾಲಿನ ಮೇಲೆ ಬೆರಳು ಸರಿಸಿದರು. "ಲೆಕ್ಕ ಖರೇ ಐತಿ" ಎಂದರು. 75,000 ಕೇಳಿದರು. ಕೊನೆಗೆ 72,000ಕ್ಕೆ ಒಪ್ಪಿದರು. ಬಾಯಿಯಿಂದ ಜಗ್ಗಾಡಿದರೆ ಜಗಳ ಆಗುತ್ತಿತ್ತು. ಕಾಗದದ ಮೇಲಿನ ಲೆಕ್ಕಕ್ಕೆ ಜಗಳ ಬರಲಿಲ್ಲ.

ಹೆಸರು ಬದಲಾಗುವ ತನಕ

ಹಣ ಕೊಟ್ಟ ಕೂಡಲೇ ಟ್ರೇಲರ್ ನಮ್ಮದಾಯಿತೇ? ಕೈಗೆ ಬಂತು, ನಿಜ. ಆರ್‌ಸಿಯಲ್ಲಿ ಹೆಸರು ಬದಲಾಗಬೇಕು.

ಕರಾರು ಪತ್ರ ಬರೆಸಿದೆವು. ಅದರಲ್ಲಿ ಗಾಡಿ ನಂಬರು, ಚಾಸಿ ನಂಬರು, ಬೆಲೆ, ಗಾಡಿ ಕೊಟ್ಟ ದಿನ ಮತ್ತು ಹೊತ್ತು ಬರೆಸಿದೆವು. ಆ ದಿನದ ಹಿಂದಿನ ತೆರಿಗೆ, ದಂಡ ಇದ್ದರೆ ಮಾರುವವರೇ ಕಟ್ಟಬೇಕು ಎಂದೂ ಬರೆಸಿದೆವು. ಅಕ್ಕ ಪೂರ್ತಿ ಓದಿದ ಮೇಲೆ ಸಹಿ ಮಾಡಿದರು. ಹಣವನ್ನು ಬ್ಯಾಂಕಿನ ಮೂಲಕ ಕೊಟ್ಟೆವು. ಪಾಸ್‌ಬುಕ್ಕಿನಲ್ಲಿ ಗುರುತು ಉಳಿಯಿತು.

ಆರ್‌ಟಿಒ ಕಚೇರಿಗೆ ಫಾರಂ 29 ಮತ್ತು ಫಾರಂ 30 ಕೊಡಬೇಕು. ಒಂದೇ ರಾಜ್ಯದ ಒಳಗೆ ಮಾರಿದರೆ, ಮಾರಿದವರು 14 ದಿನದ ಒಳಗೆ ತಿಳಿಸಬೇಕು. ಕೊಂಡವರು 30 ದಿನದ ಒಳಗೆ ಅರ್ಜಿ ಕೊಡಬೇಕು. ಇದು 1988ರ ಮೋಟಾರು ವಾಹನ ಕಾಯ್ದೆಯ ಮಾತು. ಬೇರೆ ರಾಜ್ಯದ ಗಾಡಿಯಾದರೆ ಅಲ್ಲಿನ ಕಚೇರಿಯ ಎನ್‌ಒಸಿ ಬೇಕು. ಖಾಲಿ ಫಾರಂ ಮೇಲೆ ಸಹಿ ಮಾಡಬೇಡಿ. ಏನು ತುಂಬಿದ್ದಾರೆ ಎಂದು ಓದಿ ಸಹಿ ಮಾಡಿ.

ಕೆಲವರು "ಹೆಸರು ಆಮ್ಯಾಲ ಬದಲ್ ಮಾಡ್ಸಿದ್ರಾತು" ಎನ್ನುತ್ತಾರೆ. ಇದು ಮಾರುವವರಿಗೂ ಒಳ್ಳೆಯದಲ್ಲ. ಅಪಘಾತವಾದರೆ ಆರ್‌ಸಿಯಲ್ಲಿ ಹೆಸರು ಇರುವವರೇ ಮಾಲೀಕರು ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ಒಂದು ತೀರ್ಪಿನಲ್ಲಿ ಹೇಳಿದೆ. ಗಾಡಿ ಮಾರಿ ಕೈ ತೊಳೆದುಕೊಂಡೆ ಎಂದರೆ ನಡೆಯುವುದಿಲ್ಲ. ಈ ಮಾತು ಹೇಳಿದಾಗ ಅಜ್ಜ ತಾವೇ ನಮ್ಮ ಜೊತೆ ಆರ್‌ಟಿಒ ಕಚೇರಿಗೆ ಬಂದರು. ವಿಮೆಯನ್ನೂ ಅಕ್ಕನ ಹೆಸರಿಗೆ ಮಾಡಿಸಿದೆವು.

ಕೆಲವು ದಿನದ ಮೇಲೆ ಹೊಸ ಆರ್‌ಸಿ ಬಂತು. ಅಕ್ಕ ಅದನ್ನು ಸಂಘದ ಸಭೆಗೆ ತಂದರು. ಹಿಂದಿನ ಪೆನ್ಸಿಲ್ ಅಚ್ಚನ್ನೂ ತಂದಿದ್ದರು. ಮತ್ತೆ ಒಂದೊಂದು ಅಂಕಿ ಹೋಲಿಸಿದರು. ಎಲ್ಲವೂ ಸರಿ ಇತ್ತು. ಟ್ರೇಲರ್ ಕಳೆದುಕೊಂಡ ಮನೆಯ ತಾಯಿಯೂ ಅಲ್ಲಿದ್ದರು. ಅವರು ಆರ್‌ಸಿಯನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದರು. "ಇಷ್ಟ ಅಲ್ಲೇನ್ರೀ ಅಕ್ಕೋರ ಓದೂದು? ಆವತ್ತ ನನಗ ಬರತಿದ್ರ ನಮ್ಮ ರೊಕ್ಕ ಉಳೀತಿತ್ತು" ಎಂದರು.

ಆ ಸುಗ್ಗಿಯಲ್ಲಿ ಅಕ್ಕನ ಗೋವಿನಜೋಳ ಮಳೆಗೆ ಮುಂಚೆ ರಾಣೆಬೆನ್ನೂರಿನ ಮಾರುಕಟ್ಟೆ ಸೇರಿತು. ಸಂಘದ ಸಾಲದ ಮೊದಲ ಕಂತೂ ಬಂತು.

ಕೊನೆಯದಾಗಿ ಒಂದು ಮಾತು. ಟ್ರೇಲರ್ ಮಾಲು ಹೊರುವ ಗಾಡಿ. ಜನರನ್ನು ಹೊರುವ ಗಾಡಿ ಅಲ್ಲ. ಕೂಲಿಗೆ, ಜಾತ್ರೆಗೆ, ಮದುವೆಗೆ ನಾವು ಟ್ರೇಲರ್ ಹತ್ತುತ್ತೇವೆ. ಅದು ಮಗುಚಿದರೆ ಹಿಡಿದುಕೊಳ್ಳಲು ಏನೂ ಇಲ್ಲ. ಅದರಲ್ಲಿ ಕೂತವರಿಗೆ ವಿಮೆಯ ರಕ್ಷಣೆಯೂ ಸಿಗದೆ ಹೋಗಬಹುದು. ಎಷ್ಟೇ ಗಟ್ಟಿ ಟ್ರೇಲರ್ ಇರಲಿ, ಜನ ಹತ್ತಬಾರದು. ಈ ನಿಯಮವನ್ನೂ ನಮ್ಮ ಸಂಘದ ಪುಸ್ತಕದಲ್ಲಿ ಬರೆದಿದ್ದೇವೆ.

ನೆನಪಿಡಿ

ಬಣ್ಣ ನೋಡಿ ಮರುಳಾಗಬೇಡಿ.
ಮೊದಲು ಕಾಗದ, ಆಮೇಲೆ ಹಣ.
ಚಾಸಿ ನಂಬರಿನ ಅಚ್ಚು ತೆಗೆದು ಹೋಲಿಸಿ.
ಸಾಲ ಇದೆಯೇ ಎಂದು ಓದಿ ತಿಳಿಯಿರಿ.
ಕೊಂಡಿ, ಚಾಸಿ, ಅಚ್ಚು ಗಟ್ಟಿ ಇರಲಿ.
ತಪ್ಪಿನ ಲೆಕ್ಕ ಬರೆದು ಬೆಲೆ ಮಾತಾಡಿ.
30 ದಿನದ ಒಳಗೆ ಹೆಸರು ಬದಲಾವಣೆಗೆ ಅರ್ಜಿ ಕೊಡಿ.
ಅವಸರ ಮಾಡುವವರ ಹತ್ತಿರ ಅವಸರ ಪಡಬೇಡಿ.

ಅಭ್ಯಾಸ

ಉತ್ತರ ಹೇಳಿ

1. ಮೊದಲನೇ ಟ್ರೇಲರನ್ನು ಅಕ್ಕ ಏಕೆ ಕೊಳ್ಳಲಿಲ್ಲ?
2. ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಇದ್ದರೆ ಏನು ಅರ್ಥ?
3. ಹಗ್ಗದಿಂದ ಅಚ್ಚನ್ನು ಹೇಗೆ ಅಳೆಯುತ್ತೀರಿ?
4. ಹೆಸರು ಬದಲಾದರೆ ಮಾರುವವರಿಗೆ ಏನು ಒಳ್ಳೆಯದು?

ಬಿಟ್ಟ ಜಾಗ ತುಂಬಿ

1. ಹೊಲಕ್ಕೆ ಪಹಣಿ ಇದ್ದಂತೆ ಗಾಡಿಗೆ ________.
2. ಗಟ್ಟಿ ಕಬ್ಬಿಣ ಬಡಿದರೆ ________ ಎನ್ನುತ್ತದೆ.
3. ಟೈರಿನ ಮೇಲೆ 4817 ಇದ್ದರೆ ಅದು ________ರ ________ನೇ ವಾರ ತಯಾರಾಗಿದೆ.

ಲೆಕ್ಕ ಮಾಡಿ

1. 14 ಮಂದಿ ವಾರಕ್ಕೆ 50 ರೂಪಾಯಿ ಉಳಿಸಿದರೆ ಒಂದು ವಾರಕ್ಕೆ ಎಷ್ಟು? 52 ವಾರಕ್ಕೆ ಎಷ್ಟು?
2. ಟ್ರೇಲರಿನ ಬೆಲೆ 72,000. ರಿಪೇರಿ ಮತ್ತು ಕಾಗದದ ಖರ್ಚು 28,000. ಒಟ್ಟು ಎಷ್ಟು?

ಮಾಡಿ ನೋಡಿ

ನಿಮ್ಮ ಮನೆಯ ಅಥವಾ ನೆರೆಮನೆಯ ಗಾಡಿಯ ಆರ್‌ಸಿಯನ್ನು ಕೇಳಿ ತನ್ನಿ. ಗಾಡಿಯ ಚಾಸಿ ನಂಬರನ್ನು ಪೆನ್ಸಿಲಿನಿಂದ ಅಚ್ಚು ತೆಗೆಯಿರಿ. ಇಬ್ಬರು ಸೇರಿ ಒಂದೊಂದು ಅಂಕಿಯನ್ನು ಹೋಲಿಸಿ. ಸರಿ ಇದೆಯೇ? ಮುಂದಿನ ತರಗತಿಯಲ್ಲಿ ಎಲ್ಲರಿಗೂ ಹೇಳಿ.